ನಮ್ಮ ಮನೆ ಹಿಂದಿನ ರಾಜಕಾಲುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಬಡಾವಣೆಯ ಹಿಂದೆ ಒಂದು ರಾಜಕಾಲುವೆ ಹರಿಯುತ್ತದೆ. ಅದನ್ನು ಸರಿಮಾಡಿಸಬೇಕು ಅಂತ ನಾವು ಕೆಲವರು ಓಡಾಡುತ್ತಿದ್ದೇವೆ. ಬೆಳಗಿನ ವಾಕಿಂಗ್‌ನಲ್ಲಿ, ಹಾಲಿನ ಬೂತ್ ಮುಂದೆ, ಸಂಘದ ಸಭೆಯಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆಕೆಡಿಸುವಂಥದ್ದು ಆಮೇಲೆ.

## ಮೊದಲು ತಿಳಿದಿರಬೇಕಾದ್ದು

ಸಾರ್, ಅದು ಮೋರಿ ತಾನೇ? ರಾಜಕಾಲುವೆ ಅಂತ ದೊಡ್ಡ ಹೆಸರು ಯಾಕೆ?

ಮೋರಿ ಅಂದರೆ ಮನೆ ಮುಂದಿನ ರಸ್ತೆ ಬದಿಯ ಸಣ್ಣ ಚರಂಡಿ. ಇಂಥ ನೂರಾರು ಮೋರಿಗಳ ಮಳೆನೀರು ಬಂದು ಸೇರುವ ದೊಡ್ಡ ದಾರಿಯೇ ರಾಜಕಾಲುವೆ. ಅದು ಮೇಲಿನ ಕೆರೆಯ ಕೋಡಿ ನೀರನ್ನೂ ಹೊತ್ತು ಕೆಳಗಿನ ಕೆರೆಗೆ ಮುಟ್ಟಿಸುತ್ತದೆ. ಮನೆಯ ಬಚ್ಚಲು, ಕಕ್ಕಸಿನ ನೀರು ಹೋಗಬೇಕಾದ್ದು ಬೇರೆ ದಾರಿಯಲ್ಲಿ. ಅದು ನೆಲದೊಳಗಿನ ಪೈಪು, ನಾವೆಲ್ಲ ಯುಜಿಡಿ ಅನ್ನುವ ಒಳಚರಂಡಿ. ಇನ್ನು ಮಂಡ್ಯ ಕಡೆಯವರಿಗೆ ನಾಲೆ ಅಂದರೆ ಕೆ.ಆರ್.ಎಸ್.ನಿಂದ ಗದ್ದೆಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆ. ಅದು ನೀರಾವರಿಯದು, ಲೆಕ್ಕವೇ ಬೇರೆ.

ಹೆಸರು ಮುಖ್ಯ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಮೋರಿ ಅಂದುಕೊಂಡವರು ಅದರೊಳಗೆ ಏನು ಬೇಕಾದರೂ ಸುರಿಯುತ್ತಾರೆ. ಕೆರೆಗೆ ಹೋಗುವ ದಾರಿ ಅಂತ ಗೊತ್ತಾದವರ ಕೈ ಒಂದು ಕ್ಷಣ ತಡೆಯುತ್ತದೆ.

ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ?

ಮೈಸೂರು ಏರುತಗ್ಗಿನ ಊರು. ಉತ್ತರಕ್ಕೆ ಇಳಿಜಾರಾದ ಭಾಗದ ನೀರು ಕೆಸರೆ ಕಡೆಗೆ ಹರಿದು ಕಾವೇರಿ ಸೇರುತ್ತದೆ. ದಕ್ಷಿಣದ ಇಳಿಜಾರಿನದು ದಳವಾಯಿ ಕೆರೆಯಂಥ ಕೆರೆಗಳನ್ನು ಹಾದು ಕಬಿನಿ ಕಡೆಗೆ ಹೋಗುತ್ತದೆ. ಅಂದರೆ ನಮ್ಮ ಹಿತ್ತಿಲಿನ ಕಾಲುವೆಗೆ ಬಿಟ್ಟದ್ದು ಕೆಳಗಿನ ಊರಿನ ರೈತರ ಹೊಲಕ್ಕೂ ಹೋಗುತ್ತದೆ, ಹೊಳೆಗೂ ಹೋಗುತ್ತದೆ.

ಊರೊಳಗಿನ ಹಳೇ ಕೆರೆಗಳು ಹೆಸರಲ್ಲಿ ಮಾತ್ರ ಉಳಿದಿವೆ. ದೊಡ್ಡಕೆರೆ ಮೈದಾನ, ಸುಬ್ಬರಾಯನಕೆರೆ, ಜೀವನರಾಯನಕಟ್ಟೆ. ಇವತ್ತು ದಸರಾ ವಸ್ತುಪ್ರದರ್ಶನ ನೋಡುವಾಗ ಕಾಲ ಕೆಳಗೆ ಕೆರೆ ಇತ್ತು ಅಂತ ಎಷ್ಟು ಜನಕ್ಕೆ ನೆನಪಾಗುತ್ತದೆ? ಕೆರೆ ಹೋದರೂ ಇಳಿಜಾರು ಹಾಗೇ ಇದೆ. ಮಳೆನೀರು ಈಗಲೂ ಅಲ್ಲಿಗೇ ಓಡುತ್ತದೆ.

ಪೂರ್ಣಯ್ಯ ನಾಲೆ ಅಂತಾರಲ್ಲ, ಅದೂ ಇದೇ ಥರಾನಾ?

ದಿವಾನ್ ಪೂರ್ಣಯ್ಯ 1811ರವರೆಗೆ ಮೈಸೂರಿನ ಆಡಳಿತ ನೋಡಿದವರು. ಕಾವೇರಿ ನೀರನ್ನು ಕಾಲುವೆಯಲ್ಲೇ ಊರಿಗೆ ತರಬೇಕು ಅಂತ ತೋಡಿಸಿದರು. ಅಂದುಕೊಂಡ ಹಾಗೆ ಅದು ಕೈಗೂಡಲಿಲ್ಲ. ಆದರೆ ತೋಡಿದ ಕಾಲುವೆ ಮಳೆನೀರಿನ ದಾರಿಯಾಗಿ ಉಳಿಯಿತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಗೂ ಅದರಿಂದ ನೀರು ಬರುತ್ತಿತ್ತು. ಆಮೇಲೆ ದಾರಿಯುದ್ದಕ್ಕೂ ಬಡಾವಣೆಗಳು ಎದ್ದವು, ನಾಲೆ ತುಂಡುತುಂಡಾಯಿತು. ಕೆರೆಯನ್ನು ಎಷ್ಟು ಚೆಂದ ಮಾಡಿದರೂ ಅದಕ್ಕೆ ನೀರು ತರುವ ಕಾಲುವೆ ಸತ್ತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಮೈಸೂರಲ್ಲಿ ಅಂಥಾ ಮಳೆ ಎಲ್ಲಿ ಬರುತ್ತೆ? ಇಷ್ಟು ಅಗಲದ ಕಾಲುವೆ ಯಾಕೆ?

ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಅಷ್ಟೇ, ನಿಜ. ಆದರೆ ಅದು ಮಲೆನಾಡಿನ ಹಾಗೆ ದಿನಗಟ್ಟಲೆ ಜಿಟಿಜಿಟಿ ಸುರಿಯುವುದಿಲ್ಲ. ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸಂಜೆ ಹೊತ್ತು ಗುಡುಗು ಸಮೇತ ಒಂದೇ ಗಂಟೆಯಲ್ಲಿ ಸುರಿದು ಹೋಗುತ್ತದೆ. ಕಾಲುವೆಗೆ ಅಗಲ ಬೇಕಾದ್ದು ಆ ಒಂದು ಗಂಟೆಗೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 30×40 ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಂದರೆ ಅದೊಂದೇ ಸೈಟಿನ ಮೇಲೆ 5,500 ಲೀಟರ್. ಒಂದು ಟ್ಯಾಂಕರ್ ನೀರು ಅಂತಲೇ ಇಟ್ಟುಕೊಳ್ಳಿ. ಬಡಾವಣೆಯಲ್ಲಿ ಸಾವಿರ ಸೈಟು ಇದ್ದರೆ ಸಾವಿರ ಟ್ಯಾಂಕರ್ ಒಟ್ಟಿಗೇ ಇಳಿಜಾರಿಗೆ ಬಂದ ಹಾಗೆ.

## ವಾಸನೆ, ಸೊಳ್ಳೆ, ಮನೆಯ ನೀರು

ಮಳೆನೀರಿನ ಕಾಲುವೆ ಅಂತೀರಿ. ಮತ್ತೆ ಏಪ್ರಿಲ್ ಬಿಸಿಲಲ್ಲೂ ಹರೀತಾ ಇರುತ್ತಲ್ಲ?

ನೀವು ಕೇಳಿದ ಈ ಪ್ರಶ್ನೆಯಲ್ಲೇ ಕಾಯಿಲೆ ಏನು ಅಂತ ಗೊತ್ತಾಗಿಬಿಡುತ್ತದೆ. ಮಳೆ ಇಲ್ಲದ ದಿನ ರಾಜಕಾಲುವೆಯಲ್ಲಿ ಕಪ್ಪು ನೀರು ಹರಿಯುತ್ತಿದ್ದರೆ ಅದು ಕೊಳಚೆ. ಎಲ್ಲೋ ಯುಜಿಡಿ ಒಡೆದಿದೆ, ಎಲ್ಲೋ ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕುತ್ತಿದೆ, ಎಲ್ಲೋ ಮನೆಯ ಪೈಪನ್ನು ನೇರವಾಗಿ ಕಾಲುವೆಗೇ ಬಿಟ್ಟಿದ್ದಾರೆ.

ಎಷ್ಟು ಅಂತ ಅಂದಾಜು ಹಾಕಬಹುದು. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ನಗರ ನೀರು ಪೂರೈಕೆಯ ಲೆಕ್ಕ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ. ನಾಲ್ಕು ಜನರ ಮನೆಯಿಂದ 430 ಲೀಟರ್. ಅಂಥ ನೂರು ಮನೆ ತಪ್ಪು ದಾರಿಗೆ ಬಿಟ್ಟರೆ ದಿನಕ್ಕೆ 43,000 ಲೀಟರ್. ಇಷ್ಟು ಸಾಕು, ಕಾಲುವೆ ವರ್ಷಪೂರ್ತಿ ನಾರುತ್ತದೆ.

ಮೈಸೂರಿಗೆ ಕೊಳಚೆ ಶುದ್ಧ ಮಾಡುವ ಘಟಕಗಳೇ ಇಲ್ಲ ಅಂತೇನಲ್ಲ. ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ, ಮೂರು ಕಡೆ ದೊಡ್ಡ ಘಟಕಗಳಿವೆ. ಕೊಳಚೆ ಅಲ್ಲಿಗೆ ತಲುಪಬೇಕಷ್ಟೇ. ದಾರಿಯಲ್ಲೇ ಕಾಲುವೆಗೆ ಜಾರಿಕೊಂಡರೆ ಘಟಕ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ?

ಸುಮ್ನೆ ಮೇಲೆ ಚಪ್ಪಡಿ ಹಾಕಿ ಮುಚ್ಚಿಬಿಟ್ರೆ ಆಯ್ತಲ್ವಾ? ವಾಸನೆನೂ ಇಲ್ಲ, ಪಾರ್ಕಿಂಗೂ ಆಗುತ್ತೆ.

ಜಾಸ್ತಿ ಜನ ಕೇಳುವುದು ಇದನ್ನೇ. ಮಕ್ಕಳಿರುವ ಮನೆಯವರು ಕೇಳಿದಾಗ ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅಂತಲೇ ಹೇಳುತ್ತೇನೆ.

ಮುಚ್ಚಿದ ಕಾಲುವೆಯಲ್ಲಿ ಹೂಳು ತುಂಬುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲಾಸ್ಟಿಕ್, ಬಟ್ಟೆ, ತೆಂಗಿನ ಚಿಪ್ಪು ಎಲ್ಲ ಒಂದು ಕಡೆ ಸಿಕ್ಕಿಕೊಂಡು ಅಣೆಕಟ್ಟಾಗುತ್ತದೆ. ಒಳಗೆ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್ ತುಂಬಿಕೊಳ್ಳುತ್ತದೆ. ಅದು ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದೆ ಮನುಷ್ಯ ಕುಸಿದು ಬೀಳುತ್ತಾನೆ. ಜೆಸಿಬಿ ಇಳಿಸಲು ಜಾಗವಿರುವುದಿಲ್ಲ. ಕೊನೆಗೆ ಮನುಷ್ಯರನ್ನು ಇಳಿಸುವ ಮಾತು ಬರುತ್ತದೆ.

ನಮ್ಮ ಪಕ್ಕದ ಕ್ರಾಸಿನಲ್ಲಿ ಕೆಲವು ವರ್ಷದ ಹಿಂದೆ ನಾವೇ ಒತ್ತಾಯ ಮಾಡಿ ಚಪ್ಪಡಿ ಹಾಕಿಸಿದ್ದೆವು. ಆ ಒತ್ತಾಯದ ಪತ್ರಕ್ಕೆ ನನ್ನ ಸಹಿಯೂ ಇತ್ತು. ಮೂರನೇ ವರ್ಷದ ಅಕ್ಟೋಬರ್ ಮಳೆಗೆ ನೀರು ಕಾಲುವೆಗೆ ಇಳಿಯಲು ದಾರಿ ಸಿಗದೆ ಎದುರು ಮನೆಯ ಹಾಲ್‌ಗೆ ನುಗ್ಗಿತು. ಆ ಮನೆಯ ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತು ರಾತ್ರಿ ಕಳೆದರು. ಅದನ್ನು ನೋಡಿದ ಮೇಲೆ ನಾನು ಯಾರಿಗೂ ಚಪ್ಪಡಿ ಹಾಕಿಸಿ ಅಂದಿಲ್ಲ. ಮಕ್ಕಳ ಸುರಕ್ಷತೆಗೆ ಎದೆಮಟ್ಟದ ಗಟ್ಟಿ ಬೇಲಿ, ತೆಗೆದು ಹಾಕಬಹುದಾದ ಕಬ್ಬಿಣದ ಜಾಲರಿ ಸಾಕು.

ಡೆಂಗಿ ಬರೋದು ಈ ಕಾಲುವೆಯಿಂದಲೇ ಅಲ್ವಾ?

ಅಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನಿಂತ ಒಳ್ಳೆ ನೀರಿನಲ್ಲಿ. ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ತಾರಸಿ ಮೇಲಿನ ಹಳೇ ಟೈರು. ಕಾಲುವೆಯ ಕೊಳಕು ನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ. ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು ಹೆಚ್ಚಾಗಿ ಅದೇ. ಎರಡಕ್ಕೂ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಮನೆಯ ನೀರಿನ ಪಾತ್ರೆಗಳನ್ನು ಖಾಲಿ ಮಾಡಿ ಉಜ್ಜಿ. ಕಾಲುವೆಯಲ್ಲಿ ನೀರು ನಿಲ್ಲದೆ ಹರಿಯುವ ಹಾಗೆ ಮಾಡಿಸುವುದು ನಮ್ಮೆಲ್ಲರ ಕೆಲಸ.

ಕಾಲುವೆ ಪಕ್ಕದ ನಮ್ಮ ಬೋರ್‌ವೆಲ್ ನೀರನ್ನ ಕಾಯಿಸಿ ಕುಡೀಬಹುದಾ?

ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಕೊಳಚೆ ಇಂಗಿದ ಕಡೆ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಎಳೆ ಮಕ್ಕಳಿಗೆ ಇದು ತುಂಬಾ ಅಪಾಯ.

ತಾರಸಿ ನೀರನ್ನ ಯುಜಿಡಿ ಚೇಂಬರಿಗೆ ಬಿಟ್ಟಿದೀವಿ. ಪ್ಲಂಬರ್ ಹಾಗೇ ಮಾಡಿಕೊಟ್ಟ. ತಪ್ಪಾ?

ತಪ್ಪು. ನೂರರಲ್ಲಿ ಎಷ್ಟೋ ಮನೆಯಲ್ಲಿ ಹೀಗೇ ಆಗಿದೆ, ಆದ್ದರಿಂದ ನಾಚಿಕೆ ಬೇಡ, ಸರಿಮಾಡಿಸಿದರೆ ಸಾಕು. ಯುಜಿಡಿ ಪೈಪು ಮನೆಯ ಕೊಳಚೆಗೆ ತಕ್ಕಷ್ಟೇ ದಪ್ಪ ಇರುತ್ತದೆ. ಒಂದು ಮನೆಯ ದಿನದ ಕೊಳಚೆ 400 ಚಿಲ್ಲರೆ ಲೀಟರ್. ಜೋರು ಮಳೆಗೆ ಅದೇ ಮನೆಯ ತಾರಸಿಯಿಂದ ಒಂದೇ ಗಂಟೆಯಲ್ಲಿ ಅದರ ಹತ್ತುಪಟ್ಟು ನೀರು ಇಳಿಯಬಹುದು. ಪೈಪು ತಾಳುವುದಿಲ್ಲ. ತಗ್ಗಿನಲ್ಲಿರುವ ಮನೆಯವರ ಕಕ್ಕಸಿನಿಂದ ನೀರು ವಾಪಸ್ ಉಕ್ಕುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ಕಾಲುವೆಗೆ ಹೋಗುತ್ತದೆ. ತಾರಸಿ ನೀರನ್ನು ಮೊದಲು ಸಂಪಿಗೆ ಅಥವಾ ಇಂಗುಗುಂಡಿಗೆ ಬಿಡಿ. ಮಿಕ್ಕಿದ್ದು ರಸ್ತೆ ಬದಿಯ ಚರಂಡಿಗೆ ಹೋಗಲಿ.

ಆಯುಧಪೂಜೆ ಆದ್ಮೇಲೆ ಬಾಳೆಕಂದು, ಹೂವು ಎಲ್ಲಿ ಹಾಕೋದು? ಅವು ಕೊಳೆಯೋ ವಸ್ತು ತಾನೇ?

ಕೊಳೆಯುತ್ತವೆ, ಆದರೆ ಕೊಳೆಯಲು ವಾರಗಟ್ಟಲೆ ಬೇಕು. ಆಯುಧಪೂಜೆ ಬರುವುದೇ ಹಿಂಗಾರು ಮಳೆಯ ಹೊತ್ತಿಗೆ. ಕಿರುಸೇತುವೆಯ ಬಾಯಿಗೆ ನಾಲ್ಕು ಬಾಳೆಕಂದು ಅಡ್ಡ ಸಿಕ್ಕಿಕೊಂಡರೆ ಅದರ ಹಿಂದೆ ಬರುವ ಎಲ್ಲ ಕಸವೂ ಅಲ್ಲೇ ನಿಲ್ಲುತ್ತದೆ. ನಮ್ಮ ಬಡಾವಣೆಯಲ್ಲಿ ಹಬ್ಬದ ಮಾರನೇ ದಿನ ಒಂದು ಮೂಲೆ ಗೊತ್ತುಮಾಡಿ, ಎಲ್ಲರೂ ಅಲ್ಲಿಗೇ ತಂದಿಡುತ್ತೇವೆ. ಕಂದನ್ನು ಕತ್ತರಿಸಿ ದನಕ್ಕೆ ಹಾಕುವವರು ಬಂದು ಒಯ್ಯುತ್ತಾರೆ. ಹೂವು ಗೊಬ್ಬರದ ಗುಂಡಿಗೆ.

## ಕೆಲಸ ಶುರುವಾದ ಮೇಲೆ

ಎಲ್ಲಕ್ಕಿಂತ ಮೊದಲು ಯಾವ ಕೆಲಸ ಆಗ್ಬೇಕು?

ಕೊಳಚೆ ನಿಲ್ಲಿಸುವುದು. ತಡೆಗೋಡೆ ಅಲ್ಲ, ವಾಕಿಂಗ್ ಪಾತ್ ಅಲ್ಲ, ಬಣ್ಣದ ದೀಪ ಅಲ್ಲ. ಈ ಒಂದು ಮಾತಿಗೆ ನಾನು ಜಗ್ಗುವುದಿಲ್ಲ. ಕೊಳಚೆ ಹರಿಯುತ್ತಿರುವಾಗಲೇ ಕಟ್ಟಿದ ಅಂದಚೆಂದ ಎರಡು ವರ್ಷದಲ್ಲಿ ಹಾಳಾಗುತ್ತದೆ. ಮೂಗು ಮುಚ್ಚಿಕೊಂಡು ಯಾರು ವಾಕಿಂಗ್ ಹೋಗುತ್ತಾರೆ?

ಅದಕ್ಕೆ ಮೊದಲು ಕಾಲುವೆ ಉದ್ದಕ್ಕೂ ನಡೆಯಬೇಕು. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಮಳೆ ಇಲ್ಲದ ದಿನ ನೋಡಿ, ಬೆಳಗ್ಗೆ 6ರಿಂದ 9ರೊಳಗೆ. ಆ ಹೊತ್ತಿಗೆ ಎಲ್ಲ ಮನೆಯಲ್ಲೂ ಸ್ನಾನ, ಪಾತ್ರೆ, ಬಟ್ಟೆ ನಡೆಯುತ್ತಿರುತ್ತದೆ. ಯಾವ ಪೈಪಿನಿಂದ ನೊರೆ ಬರುತ್ತಿದೆ, ಯಾವ ಚರಂಡಿ ಬಾಯಿಂದ ಕಪ್ಪು ನೀರು ಬರುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಒಂದೊಂದಕ್ಕೂ ನಂಬರ್ ಹಾಕಿ. ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೋ ತೆಗೆಯಿರಿ. ನಾವು ಹೀಗೆ ನಡೆದಾಗ ಹತ್ತು ಹದಿನೈದು ಪೈಪು ಸಿಗಬಹುದು ಅಂದುಕೊಂಡಿದ್ದೆವು. ಒಂದು ಕಿಲೋಮೀಟರ್ ಮುಗಿಯುವಷ್ಟರಲ್ಲಿ 40 ದಾಟಿತ್ತು. ಅದರಲ್ಲಿ ಸಂಘದ ಪದಾಧಿಕಾರಿಗಳ ಮನೆಯದೂ ಎರಡು ಇದ್ದವು. ಅವರೇ ಮೊದಲು ಸರಿಮಾಡಿಸಿದರು, ಮಿಕ್ಕವರಿಗೆ ಹೇಳಲು ನಮಗೆ ಬಾಯಿ ಬಂತು.

ಆಮೇಲೆ ಸರದಿ ಹೀಗೆ: ಮುರಿದ ಯುಜಿಡಿ ರಿಪೇರಿ, ತಪ್ಪು ಸಂಪರ್ಕಗಳ ಬದಲಾವಣೆ, ಹೂಳು ಮತ್ತು ಕಟ್ಟಡದ ಡೆಬ್ರಿ ತೆಗೆಯುವುದು, ಒತ್ತುವರಿ ಬಿಡಿಸಿ ಅಗಲ ವಾಪಸ್ ಪಡೆಯುವುದು, ದಡ ಭದ್ರ ಮಾಡುವುದು. ಗಿಡ, ಬೆಂಚು ಎಲ್ಲಕ್ಕಿಂತ ಕೊನೆಗೆ.

ವರ್ಷಾ ವರ್ಷಾ ಹೂಳು ತೆಗೀತಾನೇ ಇದಾರೆ. ಆದರೂ ಯಾಕೆ ತುಂಬುತ್ತೆ?

ತೆಗೆದ ಹೂಳನ್ನು ದಡದ ಮೇಲೇ ರಾಶಿ ಹಾಕುತ್ತಾರೆ. ಮೊದಲ ಮಳೆಗೆ ಅದು ಕಾಲುವೆಗೆ ವಾಪಸ್ ಇಳಿಯುತ್ತದೆ. ಹೂಳು ಸೋರಿ ಒಣಗಲು ಒಂದೆರಡು ದಿನ ಬೇಕು, ಆದರೆ ಮೂರನೇ ದಿನ ಲಾರಿ ಬರಲೇಬೇಕು. ಇದನ್ನು ಟೆಂಡರಿನಲ್ಲೇ ಬರೆಸಬೇಕು. ಕೆಲಸ ಏಪ್ರಿಲ್ ಮುಗಿಯುವುದರೊಳಗೆ ಆಗಬೇಕು, ಮೇ ಮಳೆ ಬಿದ್ದ ಮೇಲೆ ತೆಗೆದು ಉಪಯೋಗವಿಲ್ಲ.

ಹೂಳಿನ ಲೆಕ್ಕ ಮೋಸ ಮಾಡುತ್ತದೆ. ಐದಡಿ ಆಳದ ಕಾಲುವೆಯಲ್ಲಿ ಒಂದೂಮುಕ್ಕಾಲು ಅಡಿ ಹೂಳು ಕೂತರೆ ಮೂರನೇ ಒಂದು ಪಾಲು ತಾನೇ ಅನ್ನಿಸುತ್ತದೆ. ಆದರೆ ನೀರಿನ ಆಳ ಕಡಿಮೆಯಾದಾಗ ವೇಗವೂ ಇಳಿಯುತ್ತದೆ. ಕಾಲುವೆ ಸಾಗಿಸುವ ನೀರು ಅರ್ಧದ ಹತ್ತಿರಕ್ಕೆ ಬಂದುಬಿಡುತ್ತದೆ.

ಯಾರನ್ನಾದ್ರೂ ಒಳಗೆ ಇಳಿಸಿ ಬೇಗ ಕ್ಲೀನ್ ಮಾಡಿಸಬಾರದಾ? ದುಡ್ಡು ಕೊಟ್ರೆ ಬರ್ತಾರೆ.

ಬೇಡವೇ ಬೇಡ. ಮಲ ಹೊರಿಸುವುದನ್ನು, ರಕ್ಷಣಾ ಸಲಕರಣೆ ಇಲ್ಲದೆ ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ಅಪರಾಧ ಮಾಡಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಕಾನೂನು ಇದೆ ಅನ್ನುವುದಕ್ಕಾಗಿ ಮಾತ್ರ ನಾನು ಬೇಡ ಅನ್ನುತ್ತಿಲ್ಲ. ನಮ್ಮ ಮನೆಯ ಹೊಲಸಿಗೆ ಇನ್ನೊಬ್ಬರ ಮನೆಯ ಮಗನನ್ನು ಇಳಿಸುವುದು ಅನ್ಯಾಯ. ಇಳಿಯಬೇಕಾಗಿ ಬರುವವರು ಯಾವಾಗಲೂ ಒಂದೇ ಸಮುದಾಯದವರು ಅನ್ನುವುದು ನಮಗೆಲ್ಲ ಗೊತ್ತಿದೆ. ರಭಸದಿಂದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ, ಹೀರುವ ಯಂತ್ರಕ್ಕೆ ಕಾಯಿರಿ. ಎರಡು ದಿನ ತಡವಾದರೆ ಆಗಲಿ.

ತಳಕ್ಕೂ ಗೋಡೆಗೂ ಗಟ್ಟಿ ಕಾಂಕ್ರೀಟ್ ಹಾಕಿದ್ರೆ ಶಾಶ್ವತ ಅಲ್ವಾ?

ಅಲ್ಲಿಗೆ ಶಾಶ್ವತ, ಕೆಳಗಿನ ಬಡಾವಣೆಗೆ ತೊಂದರೆ. ನಯವಾದ ಕಾಂಕ್ರೀಟಿನ ಮೇಲೆ ನೀರು ಜಾರಿಕೊಂಡು ವೇಗವಾಗಿ ಹೋಗುತ್ತದೆ. ಎಲ್ಲಿ ಕಾಂಕ್ರೀಟ್ ಮುಗಿಯುತ್ತದೋ, ಎಲ್ಲಿ ಕಿರುಸೇತುವೆ ಕಿರಿದಾಗಿದೆಯೋ ಅಲ್ಲಿ ಎದ್ದು ರಸ್ತೆಗೆ ಬರುತ್ತದೆ. ತಳದಲ್ಲಿ ಒಂದು ಹನಿಯೂ ಇಂಗುವುದಿಲ್ಲ.

ಎಲ್ಲ ಕಡೆ ಕಾಂಕ್ರೀಟ್ ಬೇಡ ಅಂತ ನಾನು ಹೇಳುವುದಿಲ್ಲ. ಕಾಲುವೆಗೆ ಅಂಟಿಕೊಂಡೇ ಮನೆಯ ಪಾಯ ಇರುವ ಕಡೆ, ಸೇತುವೆಯ ಅಡಿಯಲ್ಲಿ, ನೀರು ಎತ್ತರದಿಂದ ಧುಮುಕುವ ಕಡೆ ಬೇಕು. ಜಾಗ ಇರುವ ಕಡೆ ಕಲ್ಲು ಜೋಡಿಸಿದ ಇಳಿಜಾರು ದಡ ಅಥವಾ ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೋಡೆ ಸಾಕು. ತಳ ಮಣ್ಣಿನದೇ ಇರಲಿ. ಆದರೆ ಕೊಳಚೆ ನಿಂತ ಮೇಲೆ ಮಾತ್ರ ಮಣ್ಣಿನ ತಳ. ಇಲ್ಲದಿದ್ದರೆ ಇಂಗುವುದು ಕೊಳಚೆಯೇ.

ದಡಕ್ಕೆ ಯಾವ ಗಿಡ ಹಾಕೋಣ?

ಇಳಿಜಾರಿಗೆ ಲಾವಂಚ. ಅದರ ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ದಡದ ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ. ಕಾಲುವೆಯ ಒಳಗೆ ಮರ ಬೇಡ. ಒಂದು ಬದಿಯಲ್ಲಿ ಯಂತ್ರ ಓಡಾಡುವಷ್ಟು ದಾರಿ ಖಾಲಿ ಬಿಡಿ. ಗಿಡ ನೆಡುವ ಉತ್ಸಾಹದಲ್ಲಿ ಎರಡೂ ಬದಿ ಮುಚ್ಚಿಬಿಟ್ಟರೆ ಮುಂದೆ ಹೂಳು ತೆಗೆಯಲು ಅದೇ ಮರ ಕಡಿಯಬೇಕಾಗುತ್ತದೆ.

## ಜಾಗ, ಕಾಗದ, ಇಲಾಖೆ

ಕಾಲುವೆ ಮೊದಲು ಎಷ್ಟು ಅಗಲ ಇತ್ತು ಅಂತ ಹೇಗೆ ತಿಳಿಯೋದು?

ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ನೋಡಿ. ಇವತ್ತಿನ ಬಡಾವಣೆ ಹಿಂದೆ ಯಾವ ಗ್ರಾಮವಾಗಿತ್ತೋ ಆ ಗ್ರಾಮದ್ದು. ಅದರಲ್ಲಿ ಹಳ್ಳದ ಗೆರೆ ಇರುತ್ತದೆ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ಹಳೇ ನಕಾಶೆ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬಿನ ಲೆಕ್ಕದ ದಾಖಲೆ) ತೆಗೆಸಿ. ಅದರಲ್ಲಿ ‘ಬಿ ಖರಾಬು’ ಅಂತ ಬರೆದಿದ್ದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಬಳಕೆಯ ಜಾಗ. ‘ಎ ಖರಾಬು’ ಬೇರೆ, ಅದು ಸಾಗುವಳಿಗೆ ಬಾರದ ಜಾಗ. ಈ ಒಂದಕ್ಷರ ಗೊಂದಲವಾದರೆ ಇಡೀ ದೂರು ಬಿದ್ದುಹೋಗುತ್ತದೆ.

ಆ್ಯಪ್ ತೋರಿಸುವ ಗೆರೆಯನ್ನು ಕೊನೆಯ ಮಾತು ಅಂತ ಹಿಡಿಯಬೇಡಿ. ಅದು ದಾರಿ ತೋರಿಸಲು. ಗಡಿ ಹೇಳಬೇಕಾದವರು ಅಳತೆ ಮಾಡುವ ಸರ್ವೆಯರ್.

ನಮ್ಮ ಮನೆ ಮೂಲೆ ಕಾಲುವೆ ಜಾಗದಲ್ಲಿದ್ರೆ ಒಡೆದುಬಿಡ್ತಾರಾ? ಇಪ್ಪತ್ತು ವರ್ಷದಿಂದ ಕಂದಾಯ ಕಟ್ತಾ ಇದೀವಿ.

ಕಂದಾಯ ಕಟ್ಟಿದ ಮಾತ್ರಕ್ಕೆ ಹಳ್ಳದ ಜಾಗ ನಮ್ಮದಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ, ತೊರೆ, ಕೆರೆ ಸರ್ಕಾರದ್ದು. ಆದರೆ ನೋಟಿಸು, ಅಳತೆ, ಉತ್ತರ ಕೊಡಲು ಅವಕಾಶ ಇಲ್ಲದೆ ಒಡೆಯುವುದೂ ಸರಿಯಲ್ಲ. ನೋಟಿಸು ಬಂದರೆ ಸುಮ್ಮನಿರಬೇಡಿ. ನಿಮ್ಮ ಕ್ರಯಪತ್ರ, ಬಡಾವಣೆಯ ಅನುಮೋದಿತ ನಕ್ಷೆ ತೆಗೆದುಕೊಂಡು ಜಂಟಿ ಅಳತೆಗೆ ಬರೆದುಕೊಡಿ. ಎಷ್ಟೋ ಕಡೆ ಮನೆ ಉಳಿದು ಕಾಂಪೌಂಡ್ ಮಾತ್ರ ಹಿಂದೆ ಸರಿಸಿದರೆ ಸಾಕಾಗುತ್ತದೆ.

ದಡದ ಮೇಲೆ ಗುಡಿಸಲು, ಶೀಟಿನ ಮನೆ ಹಾಕಿಕೊಂಡ ಬಡವರ ವಿಷಯದಲ್ಲಿ ನನ್ನ ನಿಲುವು ಒಂದೇ. ಮೊದಲು ಬೇರೆ ಮನೆ, ಆಮೇಲೆ ತೆರವು. ಪ್ರವಾಹ ಬಂದಾಗ ಮೊದಲು ಮುಳುಗುವವರೂ ಅವರೇ. ಅವರನ್ನು ಎಬ್ಬಿಸಿ, ದೊಡ್ಡ ಕಲ್ಯಾಣ ಮಂಟಪದ ಗೋಡೆಯನ್ನು ಹಾಗೇ ಬಿಟ್ಟರೆ ಆ ಕೆಲಸಕ್ಕೆ ನಮ್ಮ ಸಂಘ ಜೊತೆ ನಿಲ್ಲುವುದಿಲ್ಲ.

75 ಮೀಟರ್ ಬಫರ್ ಅಂತ ಹೇಳ್ತಾರಲ್ಲ?

ಬಫರ್ ಅಂದರೆ ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡುವ ಜಾಗ. 75 ಮೀಟರ್ ಅನ್ನುವುದು ಬೆಂಗಳೂರಿನ ಕೆರೆಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೈಸೂರಿನ ಜಾಗಕ್ಕೆ ಮೈಸೂರಿನ ಮಾಸ್ಟರ್ ಪ್ಲಾನ್ ನೋಡಬೇಕು. ದೂರಿನಲ್ಲಿ ಬೆಂಗಳೂರಿನ ಅಂಕಿ ಬರೆಯಬೇಡಿ.

ಯಾರ ಹತ್ರ ಹೋಗ್ಬೇಕು? ಎಲ್ಲರೂ ನಮ್ಮದಲ್ಲ ಅಂತಾರೆ.

ಒಂದೇ ನೀರು, ಯಜಮಾನರು ಹಲವರು. ಕೆರೆಗಳನ್ನೇ ನೋಡಿ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದವರದು, ಲಿಂಗಾಂಬುಧಿ ಕೆರೆ ಅರಣ್ಯ ಇಲಾಖೆಯ ಕೈಯಲ್ಲಿದೆ. ಊರೊಳಗಿನ ಮಳೆನೀರಿನ ಚರಂಡಿ ನಗರಪಾಲಿಕೆಯದು. ಯುಜಿಡಿ ಒಡೆದಿದ್ದರೆ ವಾಣಿವಿಲಾಸ ನೀರು ಸರಬರಾಜು ಮತ್ತು ಒಳಚರಂಡಿ ವಿಭಾಗ. ಪಾಲಿಕೆಗೆ ಇನ್ನೂ ಹಸ್ತಾಂತರ ಆಗದ ಬಡಾವಣೆಯಾದರೆ ಅಭಿವೃದ್ಧಿ ಪ್ರಾಧಿಕಾರ. ಗಡಿ, ಒತ್ತುವರಿ ವಿಷಯಕ್ಕೆ ತಹಶೀಲ್ದಾರ್ ಮತ್ತು ಭೂಮಾಪನ ಇಲಾಖೆ.

ನಮಗೆ ಫಲ ಕೊಟ್ಟ ದಾರಿ ಇದು: ಒಂದೇ ಪತ್ರ, ಎಲ್ಲರಿಗೂ ಪ್ರತಿ, ಜೊತೆಗೆ ನಂಬರ್ ಹಾಕಿದ ಫೋಟೋಗಳು, ಕೊನೆಯಲ್ಲಿ ಒಂದೇ ಬೇಡಿಕೆ. ಎಲ್ಲ ಇಲಾಖೆಯ ಎಂಜಿನಿಯರ್‌ಗಳು ಒಂದೇ ದಿನ ಕಾಲುವೆ ಹತ್ತಿರ ಬರಬೇಕು. ಒಂದೇ ಜಾಗದಲ್ಲಿ ನಿಂತಾಗ ‘ನಮ್ಮದಲ್ಲ’ ಅನ್ನುವುದು ಕಷ್ಟವಾಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಏನು ಕೇಳ್ಬೇಕು?

10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. ‘ಯಾಕೆ ಕೆಲಸ ಮಾಡಿಲ್ಲ’ ಅಂತ ಕೇಳಬೇಡಿ, ಕಾಗದ ಕೇಳಿ. ಕೆಲಸದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ. ಹೂಳೆತ್ತುವ ಕೆಲಸವಾದರೆ ತೆಗೆಯುವ ಮೊದಲಿನ ಮತ್ತು ಆಮೇಲಿನ ತಳಮಟ್ಟದ ಅಳತೆ ಕೇಳಿ. ಬರೀ ಲೋಡುಗಳ ಲೆಕ್ಕ ನೋಡಿದರೆ ಏನೂ ತಿಳಿಯುವುದಿಲ್ಲ.

## ಇನ್ನೂ ಆಳಕ್ಕೆ

ಹಳೇ ಅಗಲ ವಾಪಸ್ ಸಿಕ್ಕರೆ ಸಾಕಾ, ಇನ್ನೂ ಅಗಲ ಬೇಕಾ?

ಎಂಜಿನಿಯರ್‌ಗಳು ಸಾಮಾನ್ಯವಾಗಿ ಹಾಕುವ ಸರಳ ಲೆಕ್ಕ ಇದೆ. ನೀರು ಬರುವ ಜಾಗದ ವಿಸ್ತೀರ್ಣ, ಮಳೆಯ ಬಿರುಸು, ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು. ಈ ಮೂರನ್ನು ಗುಣಿಸುವುದು. 100 ಹೆಕ್ಟೇರ್, ಅಂದರೆ ಸುಮಾರು 247 ಎಕರೆ ಜಾಗದ ಮೇಲೆ ಗಂಟೆಗೆ 50 ಮಿಲಿಮೀಟರ್ ಬಿರುಸಿನ ಮಳೆ ಅಂತ ಇಟ್ಟುಕೊಳ್ಳಿ. ಹೊಲ, ತೋಪು ಇದ್ದ ಕಾಲದಲ್ಲಿ ಹತ್ತರಲ್ಲಿ ಮೂರು ಪಾಲು ಹರಿಯುತ್ತಿತ್ತು ಅಂದರೆ ಸೆಕೆಂಡಿಗೆ ಸುಮಾರು 4,200 ಲೀಟರ್. ಈಗ ತಾರಸಿ, ಟಾರು, ಟೈಲ್ಸ್ ಆಗಿ ಹತ್ತರಲ್ಲಿ ಎಂಟು ಪಾಲು ಹರಿದರೆ 11,000 ಲೀಟರ್ ದಾಟುತ್ತದೆ. ಮಳೆ ಅಷ್ಟೇ, ನೀರು ಎರಡೂವರೆ ಪಟ್ಟು.

ಅಂದಮೇಲೆ ಹಳೇ ಅಗಲವೂ ಸಾಲದೆ ಹೋಗಬಹುದು. ಎರಡೂ ಕಡೆ ಮನೆ ಇರುವಾಗ ಇನ್ನಷ್ಟು ಅಗಲ ಎಲ್ಲಿಂದ ತರುವುದು? ಮೇಲ್ಭಾಗದಲ್ಲೇ ನೀರು ನಿಲ್ಲಿಸಬೇಕು. ಪಾರ್ಕನ್ನು ರಸ್ತೆಗಿಂತ ಒಂದಡಿ ತಗ್ಗಿಸಿದರೆ ಮಳೆಯ ಹೊತ್ತು ಅದು ಸಣ್ಣ ಕಟ್ಟೆಯಾಗುತ್ತದೆ. ಮನೆಮನೆಯಲ್ಲಿ ಇಂಗುಗುಂಡಿ ಬೇಕು. ಹಳೇ ಬಡಾವಣೆಗಳ ಕನ್ಸರ್ವೆನ್ಸಿ ಗಲ್ಲಿಗಳು, ಅಂದರೆ ಮನೆಗಳ ಹಿಂದಿನ ಓಣಿಗಳು, ನಮಗೆ ದೊಡ್ಡ ಆಸ್ತಿ. 1903ರಲ್ಲಿ ಶುರುವಾದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್, ಪ್ಲೇಗಿನ ನೋವು ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಗಾಳಿ ಬೆಳಕು ಚರಂಡಿ ಅಂತ ಯೋಚಿಸಿ ಬಡಾವಣೆ ಮಾಡಿತು. ಆ ಗಲ್ಲಿಗಳಿಗೆ ಕಾಂಕ್ರೀಟ್ ಸುರಿಯದೆ ನೀರು ಇಂಗುವ ಹಾಗೆ ಬಿಟ್ಟರೆ ಕಾಲುವೆಯ ಭಾರ ಎಷ್ಟೋ ಇಳಿಯುತ್ತದೆ.

ಕಾಲುವೆಯೊಳಗೆ ಜೊಂಡು, ಕಾಬಾಳೆ ಬೆಳೆಸಿದ್ರೆ ಅದೇ ಕೊಳಚೆ ಶುದ್ಧ ಮಾಡುತ್ತಂತೆ?

ಮಾಡುತ್ತದೆ, ಆದರೆ ಜಾಗ ಬೇಕು. ಗಿಡಗಳ ಹಾಸಿನಿಂದ ಕೊಳಚೆ ಶುದ್ಧವಾಗಲು ಒಬ್ಬರಿಗೆ ಸುಮಾರು 1ರಿಂದ 2 ಚದರ ಮೀಟರ್ ಲೆಕ್ಕ. 500 ಮನೆ, 2,000 ಜನ ಅಂದರೆ ಕಡಿಮೆ ಅಂದರೂ ಅರ್ಧ ಎಕರೆ. ಹತ್ತಡಿ ಅಗಲದ ಕಾಲುವೆಯಲ್ಲಿ ಅಲ್ಲಲ್ಲಿ ನೆಟ್ಟ ಗಿಡದಿಂದ ಅದು ಆಗುವುದಿಲ್ಲ. ಮೊದಲ ದೊಡ್ಡ ಮಳೆಗೆ ಗಿಡವೇ ಕಿತ್ತು ಹೋಗಿ ಸೇತುವೆ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೆರೆಗೆ ಸೇರುವ ಮೊದಲು, ಅಗಲವಾದ ಜಾಗದಲ್ಲಿ, ಅಳಿದುಳಿದ ಕೊಳೆ ಹೀರಿಕೊಳ್ಳಲು ಜೊಂಡು ಬಹಳ ಒಳ್ಳೆಯದು. ಯುಜಿಡಿ ಬದಲಿಗೆ ಅಲ್ಲ.

ಸಿಯೋಲ್, ಸಿಂಗಪುರದ ಹಾಗೆ ನಮ್ಮಲ್ಲೂ ಮಾಡಬಹುದಾ?

ಸಿಯೋಲ್‌ನ ಚೊಂಗ್ಯೆಚೊನ್ ತೊರೆಯನ್ನು 2003ರಿಂದ 2005ರೊಳಗೆ, ಮೇಲಿದ್ದ ಎತ್ತರದ ರಸ್ತೆಯನ್ನೇ ಕಿತ್ತು ತೆರೆದರು. ಉದ್ದ 5.8 ಕಿಲೋಮೀಟರ್. ಫೋಟೋ ನೋಡಿ ಎಲ್ಲರೂ ಮರುಳಾಗುತ್ತಾರೆ. ಆದರೆ ಅಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನದು ಪಂಪ್ ಮಾಡಿ ತಂದದ್ದು, ದಿನಕ್ಕೆ ಸುಮಾರು 1,20,000 ಟನ್. ಅಷ್ಟು ಕರೆಂಟ್ ಬಿಲ್ ನಮಗೆ ಬೇಡ. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗುವುದು ನಮ್ಮ ಹಳ್ಳಗಳ ಗುಣ. ಒಣಗಿದ ಚೊಕ್ಕ ಹಳ್ಳಕ್ಕೆ ಯಾರೂ ನಾಚಬೇಕಿಲ್ಲ.

ಸಿಂಗಪುರದ ಬಿಶಾನ್ ಪಾರ್ಕಿನಿಂದ ಕಲಿಯುವುದು ಜಾಸ್ತಿ ಇದೆ. ಅಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಪಾರ್ಕಿನೊಳಗೆ ಬಳಸಿಕೊಂಡು ಹರಿಯುವ ಹೊಳೆ ಮಾಡಿದರು. 2012ರಲ್ಲಿ ಮುಗಿಯಿತು. ಮಳೆ ಜೋರಾದಾಗ ಪಾರ್ಕಿನ ಹುಲ್ಲು ಹಾಸೇ ಹೊಳೆಯ ಅಗಲವಾಗುತ್ತದೆ, ಜನ ಮೇಲಕ್ಕೆ ಹೋಗುತ್ತಾರೆ. ನಮ್ಮಲ್ಲಿ ಕಾಲುವೆ ಪಕ್ಕ ಪಾರ್ಕು ಇರುವ ಕಡೆ ಇದು ಆಗುವ ಮಾತೇ. ಮಧ್ಯದ ಕಾಂಪೌಂಡ್ ಗೋಡೆ ತೆಗೆಯಲು ಮನಸ್ಸು ಬೇಕು. ಇನ್ನೂ ಹತ್ತಿರದ್ದು ಬೆಂಗಳೂರಿನ ಕೆ-100. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆ ಕಡೆಗೆ ಹೋಗುವ, ಹೀಗೇ ಸರಿಮಾಡಲು ಕೈಹಾಕಿದ ರಾಜಕಾಲುವೆ ಅದು. ನಮ್ಮವರು ಒಂದು ದಿನ ಹೋಗಿ ಅದರ ಪಕ್ಕ ನಡೆದು ಬಂದರೆ ಹತ್ತು ಸಭೆಗಿಂತ ಹೆಚ್ಚು ತಿಳಿಯುತ್ತದೆ.

ಕೆಲಸ ಸರಿಯಾಗಿ ಆಗಿದೆ ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗ್ಬೇಕು?

ಯಾವ ಯಂತ್ರವೂ ಬೇಡ. ಕಾಲುವೆಯ ನಾಲ್ಕು ಕಡೆ ಗೋಡೆಗೆ ಬಣ್ಣದಲ್ಲಿ ಅಡಿ ಲೆಕ್ಕದ ಗುರುತು ಹಾಕಿ. ಪ್ರತಿ ದೊಡ್ಡ ಮಳೆಯಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ತಾರೀಕು ಸಮೇತ. ಮಳೆ ಅಳೆಯಲು ನೇರ ಗೋಡೆಯ ಡಬ್ಬ, ಒಂದು ಸ್ಕೇಲು ಸಾಕು. ಏಪ್ರಿಲ್‌ನಲ್ಲಿ ಪ್ರತಿ ವಾರ ಅದೇ ಜಾಗದಲ್ಲಿ ನಿಂತು ಒಂದು ಫೋಟೋ. ನೀರು ಹರಿಯುತ್ತಿದೆಯೋ ಇಲ್ಲವೋ, ಕಪ್ಪೋ ತಿಳಿಯೋ, ನೊರೆ ಇದೆಯೋ.

ನಮ್ಮ ನೋಟ್‌ಬುಕ್ಕನ್ನು ಎರಡನೇ ಕ್ರಾಸಿನ ಪಿಯುಸಿ ಹುಡುಗಿಯೊಬ್ಬಳು ನೋಡಿಕೊಳ್ಳುತ್ತಾಳೆ. ಮೊದಲ ಪುಟದಲ್ಲಿ 43 ಪೈಪುಗಳ ಪಟ್ಟಿ ಇದೆ. ಹೋದ ತಿಂಗಳಿಗೆ 17ಕ್ಕೆ ಗೆರೆ ಎಳೆದಿದ್ದಳು. ಉಳಿದ 26 ಯಾರದು ಅಂತ ಹುಡುಕಲು ಬರುವ ಭಾನುವಾರ ಬೆಳಗ್ಗೆ ಆರೂವರೆಗೆ ಕಿರುಸೇತುವೆ ಹತ್ತಿರ ಸೇರುತ್ತೇವೆ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.